ಟಮ್ಮಿ ಟಕ್ ಪ್ಯಾಕೇಜ್: ಆಸ್ಪತ್ರೆಯೊಳಗೆ ನಾಲ್ಕೂವರೆ ಅಂಕ, ಮನೆಗೆ ಬಂದ ಮೇಲೆ ಎರಡು

2024ರ ನವೆಂಬರ್ ತಿಂಗಳಲ್ಲಿ ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಟಮ್ಮಿ ಟಕ್, ಅಂದರೆ ಜೋತುಬಿದ್ದ ಹೊಟ್ಟೆಯ ಚರ್ಮವನ್ನು ತೆಗೆದು ಒಳಗಿನ ಸ್ನಾಯುಗಳನ್ನು ಬಿಗಿಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಸಮಾಲೋಚನೆ, ರಕ್ತಪರೀಕ್ಷೆಗಳು, ಶಸ್ತ್ರಚಿಕಿತ್ಸೆ, ಎರಡು ರಾತ್ರಿಯ ವಾಸ, ಒಂದು ಬೆಲ್ಟ್ ಮತ್ತು ಆರು ವಾರಗಳ ಮರುಭೇಟಿ ಇವಿಷ್ಟೂ ಸೇರಿದ ಪ್ಯಾಕೇಜ್ ಅದು. ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ನಾನು ಆಕ್ಷೇಪಿಸುವ ಪದ್ಧತಿಯೇ, ಅಂದರೆ ಮನೆಯ ಆರೈಕೆಯ ಸೂಚನೆಗಳನ್ನು ಇಂಗ್ಲಿಷಿನಲ್ಲಷ್ಟೇ ಕೊಡುವುದು, ಮೊದಲು ವಿಚಾರಿಸಿದ ಇನ್ನೆರಡು ಕಡೆಯೂ ಇದ್ದುದರಿಂದ ಒಬ್ಬರನ್ನಷ್ಟೇ ಬೆರಳುಮಾಡಿ ತೋರಿಸುವುದು ನ್ಯಾಯವೆನಿಸಲಿಲ್ಲ.

2017ರಲ್ಲಿ ಅವಳಿ ಮಕ್ಕಳಾದ ಮೇಲೆ ನನ್ನ ಹೊಟ್ಟೆ ಮೊದಲಿನ ಸ್ಥಿತಿಗೆ ಮರಳಲಿಲ್ಲ. ಹೊಟ್ಟೆಯ ನಡುವೆ ಮೇಲಿನಿಂದ ಕೆಳಕ್ಕೆ ಇಳಿಯುವ ಜೋಡಿ ಸ್ನಾಯುಗಳು ಬಸಿರಿನಲ್ಲಿ ಬೇರೆಯಾಗಿ, ಹೆರಿಗೆಯ ನಂತರವೂ ಕೂಡಿಕೊಳ್ಳದೆ ಉಳಿದಿದ್ದವು. ವೈದ್ಯರು ಇದನ್ನು ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ಎಂಟು ತಿಂಗಳ ಫಿಸಿಯೋಥೆರಪಿಯಿಂದ ಬೆನ್ನುನೋವು ತಗ್ಗಿತು, ನಾಲ್ಕು ಬೆರಳಿನ ಸಂದು ಮೂರಕ್ಕೆ ಬಂತು, ಆದರೆ ಹಿಗ್ಗಿ ಮಡಿಕೆಬಿದ್ದ ಚರ್ಮ ವ್ಯಾಯಾಮಕ್ಕೆ ಬಗ್ಗುವಂಥದ್ದಲ್ಲ. ಮದುವೆ ಮನೆಗಳಲ್ಲಿ ‘ಮತ್ತೇನಾದರೂ ವಿಶೇಷವಾ?’ ಎಂದು ಏಳು ವರ್ಷ ಕೇಳಿಸಿಕೊಂಡವಳು ನಾನು. ಹೀಗಾಗಿ ಇದು ಸೌಂದರ್ಯಕ್ಕೋ ಆರೋಗ್ಯಕ್ಕೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ತೆರಿಗೆಯವರಿಗೂ ವಿಮೆಯವರಿಗೂ ಮಾತ್ರ ಆ ಆಸಕ್ತಿ ಧಾರಾಳವಾಗಿದೆ: ಇಂಥ ಶಸ್ತ್ರಚಿಕಿತ್ಸೆಗೆ ಶೇ. 18ರಷ್ಟು ಜಿಎಸ್‌ಟಿ ಬೀಳುತ್ತದೆ, ಆರೋಗ್ಯವಿಮೆಯಲ್ಲಿ ಇದಕ್ಕೆ ಜಾಗವಿಲ್ಲ. ನಾನು ಕೊಟ್ಟಿದ್ದು 2,10,000 ರೂಪಾಯಿ, ಅದರ ಮೇಲೆ 37,800 ರೂಪಾಯಿ ತೆರಿಗೆ.

ಶಸ್ತ್ರಚಿಕಿತ್ಸೆಗೆ ಮುಂಚಿನ ಹಂತವನ್ನು ನಾನು ಮನಸಾರೆ ಮೆಚ್ಚುತ್ತೇನೆ. 2022ರ ಮೇ ತಿಂಗಳಲ್ಲಿ ನಮ್ಮೂರಿನಲ್ಲೇ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ ಸುದ್ದಿಯನ್ನು ಮನೆಯವರು ಯಾರೂ ಮರೆತಿರಲಿಲ್ಲ. ನಮ್ಮ ಯಜಮಾನರು ಮೊದಲ ಭೇಟಿಗೆ ಪ್ರಶ್ನೆಗಳ ಪಟ್ಟಿಯನ್ನೇ ಹಿಡಿದು ಬಂದಿದ್ದರು. ವೈದ್ಯರು ಬೇಸರಿಸಲಿಲ್ಲ. ಪ್ಲಾಸ್ಟಿಕ್ ಸರ್ಜರಿಯಲ್ಲಿ ತಾವು ಪಡೆದ ಎಂ.ಸಿಎಚ್. ಪದವಿಯನ್ನೂ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನೂ ತಾವಾಗಿಯೇ ತೋರಿಸಿದರು, ಅರಿವಳಿಕೆ ತಜ್ಞರನ್ನು ಕರೆದು ಪರಿಚಯಿಸಿದರು, ಅದೇ ಕಟ್ಟಡದಲ್ಲಿ ತೀವ್ರ ನಿಗಾ ಘಟಕ ಎಲ್ಲಿದೆ ಎಂಬುದನ್ನು ಹೇಳಿದರು. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ರಾಜ್ಯದಲ್ಲಿ ಕಡ್ಡಾಯವಾದ ಕೆಪಿಎಂಇ ನೋಂದಣಿಯ ಪ್ರಮಾಣಪತ್ರವೂ ಕೌಂಟರಿನ ಹಿಂದೆ ಕಣ್ಣಿಗೆ ಬೀಳುವಂತೆ ತೂಗುತ್ತಿತ್ತು.

ಅದಕ್ಕಿಂತ ಹೆಚ್ಚಾಗಿ ನನಗೆ ಭರವಸೆ ಹುಟ್ಟಿಸಿದ್ದು ಅವರು ದಿನಾಂಕವನ್ನು ಮುಂದೂಡಿದ ರೀತಿ. ಸೆಪ್ಟೆಂಬರಿನ ಪರೀಕ್ಷೆಯಲ್ಲಿ ನನ್ನ ಹಿಮೋಗ್ಲೋಬಿನ್ 10.2 ಇತ್ತು. ಬೇರೊಂದು ಕಡೆ ‘ಪರವಾಗಿಲ್ಲ, ಮಾಡೋಣ’ ಎಂದಿದ್ದರು. ಇವರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, 12 ದಾಟುವವರೆಗೆ ಮೇಜು ಹತ್ತಿಸುವುದಿಲ್ಲ ಎಂದು ಮುಂಗಡವನ್ನೂ ತೆಗೆದುಕೊಳ್ಳದೆ ಕಳುಹಿಸಿದರು. ಗರ್ಭನಿರೋಧಕ ಮಾತ್ರೆ ನುಂಗುತ್ತೀರಾ, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟೇ, ತಂದೆತಾಯಿಗಳಿಗೆ ಆಗಿತ್ತೇ ಎಂದೆಲ್ಲ ಕೇಳಿ ಹೆಪ್ಪುಗಟ್ಟುವ ಅಪಾಯ ಎಷ್ಟೆಂದು ಅಂಕ ಹಾಕಿಕೊಂಡರು. ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು ಈ ಶಸ್ತ್ರಚಿಕಿತ್ಸೆಯ ಅತಿ ದೊಡ್ಡ ಅಪಾಯಗಳಲ್ಲಿ ಒಂದು. ಆಸ್ಪಿರಿನ್, ಐಬುಪ್ರೊಫೆನ್, ವಿಟಮಿನ್ ಇ, ಮೀನೆಣ್ಣೆ ಮತ್ತು ಬೆಳ್ಳುಳ್ಳಿಯ ಕ್ಯಾಪ್ಸೂಲುಗಳನ್ನು ಎರಡು ವಾರ ಮೊದಲೇ ನಿಲ್ಲಿಸಲು ಹೇಳಿದರು. ತಂಬಾಕಿನ ಬಗ್ಗೆ ಕೇಳುವಾಗ ಬೀಡಿ ಸಿಗರೇಟಿಗೆ ನಿಲ್ಲಲಿಲ್ಲ, ‘ಎಲೆಯಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸವಿದೆಯೇ?’ ಎಂದೂ ವಿಚಾರಿಸಿದರು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ, ಎಳೆದು ಹೊಲಿದ ಚರ್ಮದ ಅಂಚಿಗೆ ರಕ್ತ ತಲುಪದೆ ಅದು ಕಪ್ಪಾಗಿ ಸಾಯಬಹುದಂತೆ. ಇದು ತೂಕ ಇಳಿಸುವ ಚಿಕಿತ್ಸೆಯಲ್ಲ, ಇನ್ನೊಂದು ಮಗು ಬೇಕೆಂಬ ಯೋಚನೆಯಿದ್ದರೆ ಈಗ ಮಾಡಿಸಬೇಡಿ ಎಂಬ ಎರಡು ಮಾತುಗಳನ್ನು ಬರೆಸಿ ಸಹಿ ಹಾಕಿಸಿಕೊಂಡರು.

ಶಸ್ತ್ರಚಿಕಿತ್ಸೆ ಮೂರೂವರೆ ಗಂಟೆ ನಡೆಯಿತು. ಸೊಂಟದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಒಳ ಉಡುಪಿನೊಳಗೆ ಮರೆಯಾಗುವಷ್ಟು ಕೆಳಗೆ ಒಂದೇ ಗೀಟು. ಹೊಕ್ಕುಳಿಗೆ ಹೊಸ ಚರ್ಮದಲ್ಲಿ ಹೊಸ ಕಿಂಡಿ. ಕಾಲಿಗೆ ಗಾಳಿ ತುಂಬಿ ಬಿಡುವ ಪಟ್ಟಿಗಳನ್ನು ಕಟ್ಟಿದ್ದರು, ಅದೇ ಸಂಜೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರು. ಸಿಸ್ಟರ್‌ಗಳು ಸಹನೆಯವರು. ಇಲ್ಲಿಯವರೆಗಿನ ಸೇವೆಗೆ ಐದರಲ್ಲಿ ನಾಲ್ಕೂವರೆ ಅಂಕವನ್ನು ಧಾರಾಳವಾಗಿ ಕೊಡುತ್ತೇನೆ.

ಶುಕ್ರವಾರ ಬಿಡುಗಡೆ. ಹೊಟ್ಟೆಯಿಂದ ಎರಡು ಡ್ರೈನ್ ನಳಿಕೆಗಳು ಇಳಿಬಿದ್ದಿದ್ದವು, ಪ್ರತಿಯೊಂದರ ತುದಿಯಲ್ಲಿ ದ್ರವ ಹೀರಿಕೊಳ್ಳುವ ಒಂದು ಮೆತ್ತನೆಯ ಬಲ್ಬು. ಅದರೊಂದಿಗೆ ಎರಡು ಪುಟಗಳ ಸೂಚನಾ ಹಾಳೆ, ಪೂರ್ತಿ ಇಂಗ್ಲಿಷಿನಲ್ಲಿ. ಸಿಸ್ಟರ್ ನನ್ನ ಮುಂದೆ ನಿಂತು ಅದನ್ನು ಓದಿ ಹೇಳಿದರು, ನಾನು ಟ್ರಮಡಾಲ್ ಎಂಬ ನೋವಿನ ಮಾತ್ರೆಯ ಮಂಪರಿನಲ್ಲಿ ತಲೆಯಾಡಿಸಿದೆ. ನನ್ನನ್ನು ನೋಡಿಕೊಳ್ಳಲು ತಿಪಟೂರಿನಿಂದ ಬಂದಿದ್ದ ಅಮ್ಮ ಪಕ್ಕದಲ್ಲೇ ಕೂತಿದ್ದರು. ಅವರಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಆ ಹಾಳೆಯನ್ನು ಬಳಸಬೇಕಾದವರು ಅವರು. ಹಾಸಿಗೆಯಲ್ಲಿ ಮಂಡಿ ಮಡಿಸಿ, ಬೆನ್ನಿಗೆ ಮೂರು ದಿಂಬು ಕೊಟ್ಟು ಮಲಗಿದವಳು ಹಾಳೆ ಓದಿ ಏನು ಮಾಡಬಲ್ಲಳು?

ಅಮ್ಮ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು, ಮೂರು ಬಾಣಂತನ ಮಾಡಿದವರು. ಹೇಳಿದ್ದರೆ ಎಲ್ಲವನ್ನೂ ಮಾಡುತ್ತಿದ್ದರು. ಹೇಳದೆ ಇದ್ದುದರಿಂದ ತಮಗೆ ಗೊತ್ತಿದ್ದುದನ್ನು ಮಾಡಿದರು. ಶನಿವಾರ ಬಲ್ಬುಗಳನ್ನು ಖಾಲಿ ಮಾಡಿ, ಚೆನ್ನಾಗಿ ಒರೆಸಿ, ಮುಚ್ಚಳ ಹಾಕಿಟ್ಟರು. ಮುಚ್ಚುವ ಮೊದಲು ಬಲ್ಬನ್ನು ಅಂಗೈಯಲ್ಲಿ ಹಿಚುಕಿ ಗಾಳಿ ಹೊರಡಿಸಬೇಕು, ಇಲ್ಲದಿದ್ದರೆ ಅದು ಹೀರುವುದೇ ಇಲ್ಲ. ಈ ಒಂದು ವಾಕ್ಯ ಮೊದಲ ಪುಟದ ನಡುವಿನಲ್ಲಿ ಎಲ್ಲೋ ಇತ್ತು. ಭಾನುವಾರ ಬೆಳಿಗ್ಗೆ ಎರಡೂ ಸೇರಿ 15 ಮಿ.ಲೀ. ಮಾತ್ರ ಬಂದುದನ್ನು ಕಂಡು ‘ನೋಡೇ, ಒಣಗ್ತಾ ಬಂತು’ ಎಂದು ಅಮ್ಮ ಸಂತೋಷಪಟ್ಟರು. ಮಧ್ಯಾಹ್ನದ ಹೊತ್ತಿಗೆ ನಳಿಕೆಯ ಸುತ್ತಲಿಂದ ದ್ರವ ಸೋರಿ ಬೆಲ್ಟ್, ಹಾಸಿಗೆ ಎಲ್ಲ ಒದ್ದೆ. ಪ್ಯಾಕೇಜಿನಲ್ಲಿ ‘24 ಗಂಟೆಗಳ ಸಹಾಯವಾಣಿ’ ಎಂದು ಮುದ್ರಿಸಿದ ಸಂಖ್ಯೆಗೆ ಐದು ಸಲ ಕರೆ ಮಾಡಿದೆವು. ಐದನೆಯ ಸಲ ಎತ್ತಿದವರು ‘ಸೋಮವಾರ ಓಪಿಡಿಗೆ ಬನ್ನಿ ಮೇಡಂ’ ಎಂದರು. ಕೊನೆಗೆ ನಾನೇ ಆ ಹಾಳೆಯನ್ನು ಕಣ್ಣಿಗೆ ಹಿಡಿದು ಸಾಲುಸಾಲಾಗಿ ಓದಿ ತಪ್ಪು ಕಂಡುಹಿಡಿದೆ.

ಮೂರನೆಯ ವಾರದಲ್ಲಿ ಚರ್ಮದಡಿ ನೀರು ತುಂಬಿಕೊಂಡು, ವೈದ್ಯರು ಸಿರಿಂಜಿನಿಂದ ಸುಮಾರು 60 ಮಿ.ಲೀ. ತೆಗೆದರು. ಆ ಒಂದು ದಿನದ ತಪ್ಪಿನಿಂದಲೇ ಹೀಗಾಯಿತೆಂದು ನಾನು ಆರೋಪಿಸುವುದಿಲ್ಲ. ಸೆರೋಮಾ ಎನ್ನುವ ಈ ತೊಂದರೆ ಎಲ್ಲವೂ ಸರಿಯಾಗಿ ನಡೆದವರಲ್ಲೂ ಕಾಣಿಸಿಕೊಳ್ಳುತ್ತದೆ. ಆದರೆ ಒಂದು ಕಾಲಿನ ಮೀನಖಂಡದಲ್ಲಿ ಮಾತ್ರ ನೋವು, ಊತ ಅಥವಾ ಇದ್ದಕ್ಕಿದ್ದಂತೆ ಏದುಸಿರು ಬಂದರೆ ಒಂದು ಕ್ಷಣವೂ ಕಾಯದೆ ತುರ್ತು ಚಿಕಿತ್ಸೆಗೆ ಬರಬೇಕು ಎಂಬ ಜೀವ ಉಳಿಸುವ ಎಚ್ಚರಿಕೆ ಎರಡನೆಯ ಪುಟದ ಕೆಳಭಾಗದಲ್ಲಿ, ಮರುಭೇಟಿಗೆ ರಸೀದಿ ತನ್ನಿ ಎಂಬ ಸಾಲಿನ ಪಕ್ಕದಲ್ಲೇ ಅಷ್ಟೇ ಸಣ್ಣ ಅಕ್ಷರದಲ್ಲಿ ಇತ್ತು. ಹಗಲಿಡೀ ನನ್ನೊಂದಿಗಿದ್ದ ಏಕೈಕ ವ್ಯಕ್ತಿಗೆ ಅದು ಓದಲು ಬಾರದ ಸಾಲು.

ಬೆಲ್ಟಿನ ಬಗ್ಗೆಯೂ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಆರು ವಾರ ಅದೇ ನಮ್ಮ ಎರಡನೆಯ ಚರ್ಮ. ಎದೆಯ ಕೆಳಗಿನಿಂದ ತೊಡೆಯ ನಡುವಿನವರೆಗೆ ಬರುವ, ಪಕ್ಕದಲ್ಲಿ ಕೊಕ್ಕೆಗಳಿರುವ ಈ ಬಿಗಿ ಉಡುಪನ್ನು ಸ್ನಾನದ ಹೊತ್ತು ಬಿಟ್ಟು ಹಗಲುರಾತ್ರಿ ತೊಟ್ಟಿರಬೇಕು. ಅಳತೆಯನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ತೆಗೆದಿದ್ದರಿಂದ ಊತ ಬಂದ ಹೊಟ್ಟೆಗೆ ಮೊದಲ ವಾರ ಅದು ಬಿಗಿಯಾಯಿತು, ಕೂತಾಗ ಮೇಲಂಚು ಸುರುಳಿಸುತ್ತಿಕೊಂಡು ಚರ್ಮಕ್ಕೆ ಒತ್ತುತ್ತಿತ್ತು. ಹೀಗೆ ಮಡಿಕೆ ಬಿದ್ದು ಒತ್ತುವುದು ಕೇವಲ ಕಿರಿಕಿರಿಯಲ್ಲ, ಆ ಭಾಗದ ರಕ್ತಸಂಚಾರಕ್ಕೂ ಅಡ್ಡಿ. ಅಮ್ಮನಿಗಂತೂ ಇದು ಹೆರಿಗೆಯಾದವರಿಗೆ ಹಳೆಯ ಹತ್ತಿ ಸೀರೆಯಿಂದ ಹೊಟ್ಟೆ ಕಟ್ಟುವುದರ ಇನ್ನೊಂದು ರೂಪ. ‘ಇನ್ನೂ ಬಿಗೀಬೇಕು’ ಎನ್ನುವುದು ಅವರ ವಾದ, ‘ಎರಡು ಬೆರಳು ಒಳಗೆ ಹೋಗಬೇಕು’ ಎನ್ನುವುದು ವೈದ್ಯರದು. ಪ್ಯಾಕೇಜಿನಲ್ಲಿ ಕೊಡುವುದು ಒಂದೇ ಬೆಲ್ಟ್. ನವೆಂಬರಿನ ಬೆಂಗಳೂರಿನಲ್ಲಿ, ಜಿನುಗು ಮಳೆಯಲ್ಲಿ, ತೊಳೆದ ಬೆಲ್ಟ್ ಎರಡು ದಿನವಾದರೂ ಒಣಗದು. ಹತ್ತಿರದ ಸರ್ಜಿಕಲ್ ಅಂಗಡಿಯಲ್ಲಿ ಒಂದು ಅಳತೆ ದೊಡ್ಡದನ್ನು 3,400 ರೂಪಾಯಿಗೆ ತಂದೆವು. ಅಂಗಡಿಯವರು ಅಂಚಿನ ಒಳಗೆ ಮೆತ್ತನೆಯ ಹತ್ತಿಬಟ್ಟೆ ಇಡಲು ಹೇಳಿಕೊಟ್ಟರು. ಆಸ್ಪತ್ರೆಯವರಿಗೆ ಹೊಳೆಯದ ಉಪಾಯ ಅದು.

ಊಟದ ವಿಷಯದಲ್ಲಿ ಮನೆಯ ಪದ್ಧತಿಯೂ ವೈದ್ಯರ ಸಲಹೆಯೂ ಬಹುಪಾಲು ಒಂದೇ ದಾರಿಗೆ ಬಂದವು. ಗಾಯಕ್ಕೆ ನಂಜು ಎಂದು ಅಮ್ಮ ಬದನೆಕಾಯಿಯನ್ನು ಮನೆಯೊಳಕ್ಕೇ ಬಿಡಲಿಲ್ಲ, ಅದರಿಂದ ನಷ್ಟವೇನೂ ಆಗಲಿಲ್ಲ. ಗಾಯ ಕೂಡಲು ಪ್ರೋಟೀನ್ ಬೇಕೆಂದಾಗ ಹುರುಳಿಕಟ್ಟಿನ ಸಾರು, ಮೊಳಕೆಕಾಳು, ಮೊಸರು ಸಾಲುಗಟ್ಟಿದವು. ನೋವಿನ ಮಾತ್ರೆಯಿಂದ ಮಲಬದ್ಧತೆ ಖಚಿತ, ಹೊಸ ಹೊಲಿಗೆಯಿರುವ ಹೊಟ್ಟೆಯಲ್ಲಿ ತಿಣುಕುವುದು ನರಕ. ಇಸಬಗೋಲನ್ನು ಮೊದಲ ದಿನವೇ ತರಿಸಿಟ್ಟುಕೊಳ್ಳಿ. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ ಮಾತ್ರ ಇರುವ ಮನೆಯವರು ಕಮೋಡ್ ಕುರ್ಚಿಯನ್ನು ಮುಂಚೆಯೇ ಬಾಡಿಗೆಗೆ ತರಿಸುವುದು ಒಳ್ಳೆಯದು.

ಹತ್ತು ದಿನ ಬಗ್ಗಿಕೊಂಡೇ ನಡೆದೆ, ನಾಲ್ಕನೆಯ ವಾರ ಕಚೇರಿಗೆ ಹೋದೆ, ಆರು ವಾರ ನೀರಿನ ಬಕೆಟ್ಟನ್ನೂ ಎತ್ತಲಿಲ್ಲ. ಸಂಜೆಯ ಊತ ಮೂರು ತಿಂಗಳವರೆಗೆ ಇತ್ತು. ಹೊಕ್ಕುಳಿನ ಕೆಳಗೆ ಅಂಗೈಯಗಲ ಜಾಗ ಈಗಲೂ ಮರಗಟ್ಟಿದಂತಿದೆ. ಕಲೆ ತಿಳಿಯಾಗಲು ಒಂದು ವರ್ಷಕ್ಕೂ ಹೆಚ್ಚು ಬೇಕೆಂದು ಮೊದಲೇ ಹೇಳಿದ್ದರು. ಸಂದು ಪೂರ್ತಿ ಮುಚ್ಚಿದೆ, ಸೀರೆಯ ನೆರಿಗೆ ನೆಟ್ಟಗೆ ನಿಲ್ಲುತ್ತದೆ. ಈ ಕೆಲಸದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ, ಆ ವೈದ್ಯರ ಬಳಿಗೆ ಗೆಳತಿಯರನ್ನು ಕಳುಹಿಸಲು ಸಂಕೋಚವೂ ಇಲ್ಲ. ಹೋಗುವವರು ಬಿಡುಗಡೆಯ ಹಿಂದಿನ ದಿನವೇ, ಮನೆಯಲ್ಲಿ ನೋಡಿಕೊಳ್ಳುವವರ ಕೈಯಿಂದಲೇ ಒಮ್ಮೆ ಬಲ್ಬು ಖಾಲಿ ಮಾಡಿಸಿ ತೋರಿಸಿ ಎಂದು ಸಿಸ್ಟರ್‌ಗಳನ್ನು ಕೇಳಬೇಕು.

ಮನೆಗೆ ಬಂದ ಮೇಲಿನ ಸೇವೆಗೆ ನಾನು ಕೊಡುವುದು ಐದರಲ್ಲಿ ಎರಡು. ಆರನೆಯ ವಾರದ ಭೇಟಿಯಲ್ಲಿ ಆ ಎರಡು ಪುಟಗಳನ್ನು ಕನ್ನಡಕ್ಕೆ ತಂದು, ಅಪಾಯದ ಲಕ್ಷಣಗಳನ್ನು ಮೇಲಕ್ಕೆ ಹಾಕಿ, ಬಲ್ಬು ಹಿಚುಕುವ ಚಿತ್ರವನ್ನೂ ಬರೆದು ವಾರ್ಡಿನ ಹಿರಿಯ ಸಿಸ್ಟರ್‌ಗೆ ಕೊಟ್ಟೆ. ಅವರು ಅಲ್ಲೇ ಜೆರಾಕ್ಸ್ ಮಾಡಿಸಿಕೊಂಡರು. ಮೂರನೆಯ ತಿಂಗಳು ಹೋದಾಗ ಬಿಡುಗಡೆಯ ಕೌಂಟರಿನಲ್ಲಿ ಕೊಡುತ್ತಿದ್ದುದು ಹಳೆಯ ಇಂಗ್ಲಿಷ್ ಹಾಳೆಯನ್ನೇ.