ಅಪ್ಪನ ಕಾಫಿಗೆ ಥಿಕ್ನರ್ ಪುಡಿ: 14 ತಿಂಗಳು ಬಳಸಿದ ಮೇಲೆ

ಹಾಸನದ ಕಡೆಯವರಿಗೆ ಹೇಳಬೇಕಿಲ್ಲ, ನಾವು ಮುದ್ದೆ ಅಗಿಯುವುದಿಲ್ಲ, ನುಂಗುತ್ತೇವೆ. ಅಪ್ಪ 71 ವರ್ಷ ಹಾಗೇ ನುಂಗಿದವರು. ಲಕ್ವ ಹೊಡೆದ ಮೇಲೆ ಅವರಿಗೆ ಒಂದು ಗುಟುಕು ನೀರು ಇಳಿಯದಾಯಿತು. ಗಟ್ಟಿಯದು ಕಷ್ಟ, ನೀರು ಸುಲಭ ಅಂದುಕೊಂಡಿದ್ದೆವು. ಆದರೆ ನೀರು ತುಂಬಾ ಬೇಗ ಓಡುತ್ತದೆ. ಸೋತ ಗಂಟಲು ಉಸಿರಿನ ದಾರಿ ಮುಚ್ಚಿಕೊಳ್ಳುವಷ್ಟರಲ್ಲಿ ಅದು ಒಳಗೆ ಇಳಿದಿರುತ್ತದೆ. ಆಹಾರ ಕೊಡಲು ಹಾಕಿದ್ದ ಮೂಗಿನ ನಳಿಕೆ ತೆಗೆದ ದಿನ ಸ್ಪೀಚ್ ಥೆರಪಿಸ್ಟ್ ಬರೆದುಕೊಟ್ಟದ್ದು ಈ ಪುಡಿ. ನೀರು, ಕಾಫಿ, ಸಾರು, ಯಾವುದಕ್ಕೆ ಹಾಕಿದರೂ ದಪ್ಪ ಬರುತ್ತದೆ.

ಮೊದಲ ಡಬ್ಬಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದು ಕಾರ್ನ್ ಸ್ಟಾರ್ಚಿನದು. ಕಡಿಮೆ ಬೆಲೆ ಅಂತ ತಂದೆ. ಕಾಫಿ ಕಲಸಿದಾಗ ಹದ ಸರಿಯಾಗಿರುತ್ತಿತ್ತು. ಅರ್ಧ ಲೋಟ ಮುಗಿಯುವಷ್ಟರಲ್ಲಿ ಅಪ್ಪನ ಗಂಟಲು ಗೊರಗೊರ ಅನ್ನುತ್ತಿತ್ತು. ಲೋಟ ಓರೆ ಮಾಡಿ ನೋಡಿದರೆ ಉಳಿದದ್ದು ಮತ್ತೆ ನೀರು ನೀರು. ನಾನೇ ಪುಡಿ ಕಡಿಮೆ ಹಾಕಿದೆನೇನೋ ಅಂತ ಒಂದು ವಾರ ಜಾಸ್ತಿ ಹಾಕಿದೆ. ಆಗ, ಮುಟ್ಟದೆ ಇಟ್ಟ ಲೋಟ ಅರ್ಧ ಗಂಟೆಯಲ್ಲಿ ರಾಗಿ ಮಣ್ಣಿಯ ಹಾಗೆ ಆಗುತ್ತಿತ್ತು.

ಕಾರಣ ಎಂಜಲು. ಸ್ಟಾರ್ಚನ್ನು ಒಡೆಯುವ ಅಮೈಲೇಸ್ ನಮ್ಮ ಎಂಜಲಲ್ಲೇ ಇದೆ. ಅಪ್ಪನ ಬಾಯಿಗೆ ಹೋದ ಚಮಚ ಮತ್ತೆ ಲೋಟಕ್ಕೆ ಇಳಿದಾಗಲೆಲ್ಲ ಅದೂ ಇಳಿಯುತ್ತಿತ್ತು. ಡಬ್ಬಿಯ ಮೇಲೆ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ತಿಂಗಳೇ ಎದೆಯಲ್ಲಿ ಕಫ ಕಟ್ಟಿ ಐದು ದಿನ ಆಸ್ಪತ್ರೆಯಲ್ಲಿದ್ದೆವು. ಇದರಿಂದಲೇ ಅಂತ ಡಾಕ್ಟರ್ ಹೇಳಲಿಲ್ಲ, ನಿಜ. ಆದರೂ ಕೊಳ್ಳುವ ಮುಂಚೆ ಡಬ್ಬಿ ತಿರುಗಿಸಿ ಓದಿ. ಕ್ಸಾಂಥಾನ್ ಗಮ್ (ಸ್ಟಾರ್ಚ್ ಅಲ್ಲದ, ದಪ್ಪ ಬರಿಸುವ ಒಂದು ಬಗೆಯ ಅಂಟು) ಅಂತಿದ್ದರೆ ಎಂಜಲಿಗೆ ಅದು ಹಾಗೆ ಕರಗುವುದಿಲ್ಲ. ಕೆಮ್ಮಿಲ್ಲ ಅಂತ ಧೈರ್ಯವಾಗಿರಬೇಡಿ. ಕೆಲವರಿಗೆ ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದೇ ಇಲ್ಲ.

ಎರಡನೇ ಡಬ್ಬಿ ಕ್ಸಾಂಥಾನ್ ಗಮ್ಮಿನದು. ಒಂದು ಡಬ್ಬಿಯ ದುಡ್ಡಿಗೆ ನಮ್ಮ ಮನೆಗೆ ಹದಿನೈದು ದಿನದ ಹಾಲು ಬರುತ್ತದೆ. ಕೈ ಕಚ್ಚುತ್ತದೆ. ಆದರೂ ಅದನ್ನು ಬಿಡುವುದಿಲ್ಲ, ಬೆಳಗಿನ ಕಾಫಿಗೋಸ್ಕರ.

ಆರೂವರೆಗೆ ಅಪ್ಪನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸುತ್ತೇನೆ. ಬಾಯಿ ತೊಳೆಸುತ್ತೇನೆ. ಸಕಲೇಶಪುರದ ಪುಡಿಯ ಡಿಕಾಕ್ಷನ್, ಹಾಲು, ಬೆಲ್ಲ. ಲೋಟದಲ್ಲಿ ಫೋರ್ಕಿನಿಂದ ತಿರುವುತ್ತಲೇ ಪುಡಿ ಉದುರಿಸಬೇಕು, ಇಲ್ಲದಿದ್ದರೆ ಗಂಟಾಗುತ್ತದೆ. ಹಾಲು ಇರುವುದರಿಂದ ನೀರಿನಷ್ಟು ಬೇಗ ದಪ್ಪ ಬರುವುದಿಲ್ಲ, ಐದಾರು ನಿಮಿಷ ಕಾಯುತ್ತೇನೆ. ಅವಸರಕ್ಕೆ ಇನ್ನೊಂದು ಸ್ಕೂಪ್ ಹಾಕಿದರೆ ಕಾಫಿ ಅಂಟಾಗಿಬಿಡುತ್ತದೆ. ಆಮೇಲೆ ಪರೀಕ್ಷೆ. ಸೂಜಿ, ತಳ್ಳುವ ಕಡ್ಡಿ ಎರಡೂ ತೆಗೆದ 10 ಮಿಲಿ ಸಿರಿಂಜಿನ ತುದಿಗೆ ಬೆರಳಿಟ್ಟು ಕಾಫಿ ತುಂಬಿ, ಬೆರಳು ತೆಗೆದು 10 ಸೆಕೆಂಡ್ ಬಿಡುತ್ತೇನೆ. 4ರಿಂದ 8 ಮಿಲಿ ಒಳಗೇ ಉಳಿದರೆ ಅದು ದಪ್ಪದ ಅಳತೆಯಲ್ಲಿ ಎರಡನೇ ಮಟ್ಟ, ಥೆರಪಿಸ್ಟ್ ಅಪ್ಪನಿಗೆ ಹೇಳಿದ ಹದ. ನಿಮ್ಮವರ ಹದ ಬೇರೆ ಇರಬಹುದು, ಕೇಳದೆ ಶುರು ಮಾಡಬೇಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ನುಂಗುವ ತೊಂದರೆ ನೋಡುತ್ತಾರೆ.

ಅಪ್ಪ ಗದ್ದ ಎದೆಗೆ ತಂದುಕೊಂಡು, ಲೋಟ ಎರಡೂ ಕೈಯಲ್ಲಿ ಹಿಡಿದು ತಾವೇ ಕುಡಿಯುತ್ತಾರೆ. ಮೊದಲ ಸಲ ಹೀಗೆ ಕುಡಿದಾಗ ಲೋಟ ಕೆಳಗಿಡದೆ ಅದರ ವಾಸನೆ ನೋಡುತ್ತಾ ಕೂತರು. ನಾನು ಅಡಿಗೆಮನೆಗೆ ಹೋಗಿ ಅತ್ತೆ. ಕುಡಿದ ಮೇಲೂ ಅರ್ಧ ಗಂಟೆ ಮಲಗಿಸುವುದಿಲ್ಲ. ಪೇಪರ್ ಓದಿ ಹೇಳುತ್ತೇನೆ.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಳೆದದ್ದು ನೀರಿಗೆ. ದಪ್ಪ ಮಾಡಿದ ನೀರನ್ನು ಅಪ್ಪ ಇವತ್ತಿಗೂ ಒಪ್ಪಿಲ್ಲ. “ಇದು ನೀರಲ್ಲ ಮಗಾ” ಅಂತ ಲೋಟ ತಳ್ಳುತ್ತಾರೆ. ಬೇಸಿಗೆಯಲ್ಲಿ ಮೂತ್ರ ಹಳದಿಗೆ ತಿರುಗಿ ಹೆದರಿದ್ದೆವು. ಈಗ ಇಂಗು, ಉಪ್ಪು ಹಾಕಿ ಸೋಸಿದ ಮಜ್ಜಿಗೆಗೆ ಪುಡಿ ಬೆರೆಸಿ ಕೊಡುತ್ತೇನೆ, ಅದನ್ನು ಕುಡಿಯುತ್ತಾರೆ. ಎಷ್ಟು ಲೋಟ ಆಯಿತು ಅಂತ ಗೋಡೆಯ ಕ್ಯಾಲೆಂಡರ್‌ನಲ್ಲಿ ಗೀಟು ಹಾಕುತ್ತೇನೆ. ನಿನ್ನೆ ಆರು ಗೀಟು.