ಬ್ಲೂಟೂತ್ 5.3 ಎಂದು ನಂಬಿ ಫೋನ್ ಕೊಳ್ಳುವ ಮುನ್ನ

ಶ್ರವಣ ಸಾಧನಕ್ಕೆ ಹೊಂದುವ ಫೋನ್ ಹುಡುಕುತ್ತಿರುವವರು, ಅದರಲ್ಲೂ ಮನೆಯ ಹಿರಿಯರಿಗಾಗಿ ಹುಡುಕುತ್ತಿರುವವರು, ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಬ್ಲೂಟೂತ್ ಆವೃತ್ತಿಯ ಸಂಖ್ಯೆಯೊಂದನ್ನೇ ನೆಚ್ಚಿಕೊಂಡು ಹಣ ಕೊಡಬೇಡಿ. ನಾನು ಹಾಗೆ ಕೊಟ್ಟು, 17,500 ರೂಪಾಯಿಯ ಫೋನೊಂದನ್ನು ಬೇಡದಿದ್ದರೂ ಮನೆಗೆ ತಂದುಕೊಂಡಿದ್ದೇನೆ. ಅಂಗಡಿಯವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಆದರೆ ನಷ್ಟವಾದದ್ದು ನನಗೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗಿದೆ. ಅಪ್ಪಯ್ಯನಿಗೆ ಈಗ ಎಪ್ಪತ್ತೆಂಟು. ಎದುರಿಗೆ ಕುಳಿತು ಮಾತನಾಡಿದರೆ ತುಟಿ ನೋಡಿಯಾದರೂ ಅರ್ಥಮಾಡಿಕೊಳ್ಳುತ್ತಾರೆ, ಆದರೆ ಫೋನಿನಲ್ಲಿ ಆ ಸೌಕರ್ಯವಿಲ್ಲ. ಆಷಾಢದ ಜಡಿಮಳೆ ಹಂಚಿನ ಮಾಡಿನ ಮೇಲೆ ಬೀಳತೊಡಗಿದರಂತೂ ಗಟ್ಟಿ ಕಿವಿಯವರಿಗೇ ಏನೂ ಕೇಳುವುದಿಲ್ಲ. ಒಂದು ದಿನ ಮಂಡಿಯವರು ರಾಶಿ ಅಡಿಕೆಯ ಧಾರಣೆಯನ್ನು ನಲವತ್ತೆರಡು ಸಾವಿರ ಎಂದದ್ದು ಅವರಿಗೆ ನಲವತ್ತೆಂಟು ಎಂದು ಕೇಳಿಸಿ, ಮೂಟೆಗಳನ್ನು ಜೀಪಿಗೆ ಹೇರಿಸುವವರೆಗೆ ವಿಷಯ ಹೋಗಿತ್ತು. ಆಮೇಲೆಯೇ ನಾವು ಶಿವಮೊಗ್ಗದ ಶ್ರವಣ ತಜ್ಞೆಯೊಬ್ಬರಲ್ಲಿ ತೋರಿಸಿ ಎರಡೂ ಕಿವಿಗೆ ಯಂತ್ರ ಹಾಕಿಸಿದ್ದು.

ಯಂತ್ರ ಕೊಡುವಾಗ ಆಕೆ ಸ್ಪಷ್ಟವಾಗಿಯೇ ಹೇಳಿದ್ದರು: ಫೋನಿನ ಮಾತು ನೇರವಾಗಿ ಕಿವಿಯ ಯಂತ್ರಕ್ಕೇ ಬರಬೇಕೆಂದಿದ್ದರೆ ಎಲ್‌ಇ ಆಡಿಯೊ ಎಂಬ ಸೌಲಭ್ಯವಿರುವ ಫೋನ್ ಬೇಕು, ಅಂಥ ಫೋನಿನ ಬ್ಲೂಟೂತ್ 5.2 ಅಥವಾ ಅದಕ್ಕಿಂತ ಮೇಲಿನದಾಗಿರುತ್ತದೆ. ನಾನು ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡದ್ದು 'ಬ್ಲೂಟೂತ್ 5.2' ಎಂದಷ್ಟೇ. ಮಾತಿನ ಮೊದಲರ್ಧವನ್ನು ಬಿಟ್ಟು ಎರಡನೆಯ ಅರ್ಧವನ್ನು ಬರೆದುಕೊಂಡೆ. ಈ ಕಥೆಯಲ್ಲಿ ಕಿವಿ ಕೇಳದಿದ್ದವರು ಅಪ್ಪಯ್ಯ ಒಬ್ಬರೇ ಅಲ್ಲ.

ಅಪ್ಪಯ್ಯನ ಹಳೆಯ ಫೋನಿನಲ್ಲಿದ್ದದ್ದು ಬ್ಲೂಟೂತ್ 4.2. ಹೊಸದನ್ನು ಕೊಳ್ಳಲು ಶಿವಮೊಗ್ಗ ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ, ಕೌಂಟರಿನಲ್ಲಿದ್ದ ಹುಡುಗನಿಗೆ ಚೀಟಿ ತೋರಿಸಿದೆ. ಅವನು ಪ್ರದರ್ಶನಕ್ಕಿಟ್ಟಿದ್ದ ಫೋನನ್ನು ಕೈಗೆತ್ತಿಕೊಂಡು ಸೆಟ್ಟಿಂಗ್ಸ್ ತೆರೆದ, ಆ್ಯಪ್‌ಗಳ ಪಟ್ಟಿಗೆ ಹೋದ, ಮೂಲೆಯ ಮೂರು ಚುಕ್ಕೆ ಒತ್ತಿ ಸಿಸ್ಟಮ್ ಆ್ಯಪ್‌ಗಳನ್ನೂ ತೋರಿಸುವಂತೆ ಮಾಡಿದ, ಅದರಲ್ಲಿ ಬ್ಲೂಟೂತ್ ಎಂಬುದನ್ನು ಒತ್ತಿ ಪರದೆಯ ಅಡಿಭಾಗವನ್ನು ನನ್ನತ್ತ ತಿರುಗಿಸಿದ. ಅಲ್ಲಿ 'ಆವೃತ್ತಿ 14' ಎಂದಿತ್ತು. "ನಿಮಗೆ ಬೇಕಾದ್ದು 5.2 ಸಾರ್, ಇದರಲ್ಲಿ 14 ಇದೆ" ಎಂದ. ಅವನ ಧ್ವನಿಯಲ್ಲಿ ಕಿಂಚಿತ್ತೂ ಅಳುಕಿರಲಿಲ್ಲ. ಪೆಟ್ಟಿಗೆಯನ್ನು ತಿರುಗಿಸಿ ನೋಡಿದಾಗ ಅಲ್ಲಿ 5.3 ಎಂದಿತ್ತು. ಒಂದೇ ಫೋನಿಗೆ ಎರಡು ಸಂಖ್ಯೆ ಹೇಗೆ ಬಂತೆಂದು ಕೇಳುವ ಬದಲು, ಎರಡೂ 5.2ಕ್ಕಿಂತ ದೊಡ್ಡವಲ್ಲವೇ ಎಂದು ಸಮಾಧಾನಪಟ್ಟುಕೊಂಡೆ.

ಬ್ಲೂಟೂತ್ 14 ಎಂಬುದು ಈ ಲೋಕದಲ್ಲೇ ಇಲ್ಲ. 4.0 ಬಂದದ್ದು 2010ರಲ್ಲಿ, 4.2 ಬಂದದ್ದು 2014ರಲ್ಲಿ, 5.0 ಬಂದದ್ದು 2016ರ ಕೊನೆಯಲ್ಲಿ, 5.2 ಹೊರಬಿದ್ದದ್ದು 2020ರ ಜನವರಿಯಲ್ಲಿ, 5.3 ಮರುವರ್ಷ, 5.4 2023ರಲ್ಲಿ, 6.0 2024ರ ಸೆಪ್ಟೆಂಬರಿನಲ್ಲಿ. ಆ ಪರದೆಯ ಮೇಲಿನ 14 ಯಾವುದೆಂದರೆ ಆಂಡ್ರಾಯ್ಡ್‌ನ ಆವೃತ್ತಿ. ಬ್ಲೂಟೂತ್ ಎಂಬ ಹೆಸರಿನ ಆ ಸಿಸ್ಟಮ್ ಆ್ಯಪ್ ಆಂಡ್ರಾಯ್ಡ್ ಜೊತೆಗೇ ಬರುವುದರಿಂದ ಸಾಮಾನ್ಯವಾಗಿ ಅದರ ಸಂಖ್ಯೆಯನ್ನೇ ಹೊತ್ತಿರುತ್ತದೆ. ಒಳಗಿರುವ ರೇಡಿಯೊ ಚಿಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಫೋನಿನ ಬ್ಲೂಟೂತ್ ಆವೃತ್ತಿಯನ್ನು ತಿಳಿಯುವ ಸುಲಭ ದಾರಿ ಎಂದು ಎಲ್ಲರೂ ಎಲ್ಲರಿಗೂ ಹೇಳಿಕೊಡುವುದು ಇದನ್ನೇ. ಆಂಡ್ರಾಯ್ಡ್ 8 ಇದ್ದ ಕಾಲದಲ್ಲಿ ಅಲ್ಲಿ 8.0.0 ಎಂದು ಕಾಣುತ್ತಿತ್ತು, ಆಗ ಬ್ಲೂಟೂತ್ ಇನ್ನೂ 5.0ರಲ್ಲಿತ್ತು.

ಮನೆಗೆ ಬಂದು ಜೋಡಿಸಿದಾಗ ಮೊದಲ ಅರ್ಧ ಗಂಟೆ ಎಲ್ಲ ಸರಿಯಾಗಿಯೇ ಇದ್ದಂತೆ ಕಂಡಿತು, ಮೋಸ ಹೋಗುವುದೂ ಇಲ್ಲಿಯೇ. ಯಂತ್ರದ ಕಂಪನಿಯ ಆ್ಯಪ್ ಹಾಕಿದೆವು, ಎಡ ಕಿವಿ ಬಲ ಕಿವಿ ಎರಡೂ ಪರದೆಯ ಮೇಲೆ ಮೂಡಿದವು, ಫೋನಿನಿಂದಲೇ ಸದ್ದು ಏರಿಸಿ ಇಳಿಸಿದರೆ ಅಪ್ಪಯ್ಯ ಜಗಲಿಯಿಂದ "ಹೌದು, ಈಗ ಜಾಸ್ತಿ ಆಯ್ತು" ಎಂದರು. ಆದರೆ ತಂಗಿ ಕರೆ ಮಾಡಿದಾಗ ಅವಳ ಧ್ವನಿ ಬಂದದ್ದು ಫೋನಿನ ಸ್ಪೀಕರಿನಿಂದಲೇ ಹೊರತು ಕಿವಿಯ ಯಂತ್ರದಿಂದಲ್ಲ. ಜೋಡಣೆ ಅಳಿಸಿ ಮತ್ತೆ ಜೋಡಿಸಿದೆವು, ಫೋನನ್ನು ಮೊದಲ ಸ್ಥಿತಿಗೆ ತಂದೆವು, ಯಂತ್ರದ ಬ್ಯಾಟರಿ ಬದಲಿಸಿದೆವು. ಮೂರು ದಿನ ಇದೇ ಆಯಿತು. ಅದರಲ್ಲಿ ಒಂದು ಇಡೀ ದಿನ ಕರೆಂಟಿರಲಿಲ್ಲ. ನಾಲ್ಕನೆಯ ದಿನ ಮಳೆಯಲ್ಲೇ ಮಂಡಗದ್ದೆ, ಗಾಜನೂರು ದಾಟಿ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕುಳಿತು ಅಂಗಡಿಗೆ ಹೋದರೆ, ಪೆಟ್ಟಿಗೆಯ ಮೇಲೆ ಬರೆದದ್ದೆಲ್ಲ ಫೋನಿನಲ್ಲಿದೆ, ಸೀಲ್ ತೆಗೆದ ಫೋನ್ ವಾಪಸ್ ಇಲ್ಲ ಎಂದರು.

ಪೆಟ್ಟಿಗೆಯೇ ಸುಳ್ಳು ಹೇಳುತ್ತಿರಬೇಕು ಎಂಬ ನನ್ನ ಅನುಮಾನವನ್ನು ಪರಿಹರಿಸಿದವನು ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ. ಅವನು ಬಿಲ್ಡ್ ನಂಬರನ್ನು ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದು, ಅದರಲ್ಲಿ ಆಂಡ್ರಾಯ್ಡ್‌ಗೂ ಬ್ಲೂಟೂತ್ ಚಿಪ್ಪಿಗೂ ನಡೆಯುವ ಮಾತುಕತೆಯನ್ನು ದಾಖಲಿಸುವ ಎಚ್‌ಸಿಐ ಸ್ನೂಪ್ ಲಾಗ್ ಎಂಬುದನ್ನು ಚಾಲೂ ಮಾಡಿ, ಬ್ಲೂಟೂತನ್ನು ಒಮ್ಮೆ ಆರಿಸಿ ಹಚ್ಚಿ, ಬಗ್ ರಿಪೋರ್ಟ್ ತೆಗೆದು ಅದರೊಳಗಿನ ಲಾಗ್ ಫೈಲನ್ನು ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶದಲ್ಲಿ ಬಿಚ್ಚಿದ. ಬ್ಲೂಟೂತ್ ಹಚ್ಚಿದ ಕ್ಷಣದಲ್ಲಿ ಆಂಡ್ರಾಯ್ಡ್ ತನ್ನ ಚಿಪ್ಪನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ 'ನಿನ್ನ ಆವೃತ್ತಿ ಯಾವುದು' ಎಂಬುದೂ ಒಂದು. ಚಿಪ್ ಅದಕ್ಕೆ ಒಂದು ಸಂಖ್ಯೆಯಿಂದ ಉತ್ತರಿಸುತ್ತದೆ. 9 ಎಂದರೆ 5.0, 10 ಎಂದರೆ 5.1, 11 ಎಂದರೆ 5.2, 12 ಎಂದರೆ 5.3. ನಮ್ಮ ಫೋನಿನ ಚಿಪ್ ಹೇಳಿದ್ದು 12. ಅಂದರೆ ಪೆಟ್ಟಿಗೆ ನಿಜವನ್ನೇ ಹೇಳಿತ್ತು.

ಹುಡುಗ ಅಲ್ಲಿಗೇ ನಿಲ್ಲಿಸದೆ ಇನ್ನೊಂದು ಸಾಲಿಗೆ ಇಳಿದ. ಎಲ್‌ಇ, ಅಂದರೆ ಕಡಿಮೆ ಶಕ್ತಿಯ ಬ್ಲೂಟೂತಿನಲ್ಲಿ ನಿನಗೆ ಏನೇನು ಬರುತ್ತದೆ ಎಂದು ಆಂಡ್ರಾಯ್ಡ್ ಕೇಳಿದಾಗ ಚಿಪ್ ಹೌದು ಇಲ್ಲಗಳ ಉದ್ದನೆಯ ಪಟ್ಟಿಯೊಂದನ್ನು ಒಪ್ಪಿಸುತ್ತದೆ. ಅದರಲ್ಲಿ ಕನೆಕ್ಟೆಡ್ ಐಸೋಕ್ರೋನಸ್ ಸ್ಟ್ರೀಮ್ ಎಂಬ ಎರಡು ಸಾಲುಗಳಿದ್ದವು, ಎರಡರ ಮುಂದೆಯೂ ಸೊನ್ನೆ. ಎಲ್‌ಇ ಆಡಿಯೊ ನಿಂತಿರುವುದೇ ಅದರ ಮೇಲೆ: ಎಡಕ್ಕೂ ಬಲಕ್ಕೂ ಬೇರೆ ಬೇರೆ ಹೋಗುವ ಧ್ವನಿಯ ತುಣುಕುಗಳನ್ನು ಗೊತ್ತಾದ ಕಾಲಕ್ಕೆ ಸರಿಯಾಗಿ, ಒಂದು ಕಿವಿಗೆ ಮೊದಲು ಇನ್ನೊಂದಕ್ಕೆ ಆಮೇಲೆ ಎಂದಾಗದಂತೆ ತಲುಪಿಸುವ ವ್ಯವಸ್ಥೆ ಅದು. 5.2ರ ನಿಯಮಾವಳಿಯಲ್ಲಿ ಅದು ಮೊದಲು ಬಂದದ್ದು ನಿಜ, ಆದರೆ ಬಂದದ್ದು ಐಚ್ಛಿಕವಾಗಿ. ಚಿಪ್ ಮಾಡುವವನು ಅದನ್ನು ಸೇರಿಸದೆಯೂ 5.2 ಎಂದೋ 5.3 ಎಂದೋ ಬರೆದುಕೊಳ್ಳಬಹುದು. 5.0ರ ಕಾಲದಲ್ಲಿ ಡಂಗುರ ಹೊಡೆದ ದೂರವ್ಯಾಪ್ತಿಯೂ ಇಮ್ಮಡಿ ವೇಗವೂ ಹೀಗೆಯೇ ಐಚ್ಛಿಕ. ಸದ್ದು ಏರಿಸಿ ಇಳಿಸುವಂಥ ಸಣ್ಣ ಆಜ್ಞೆಗಳಿಗೆ 4.0ರಿಂದ ಇರುವ ಸಾಮಾನ್ಯ ಎಲ್‌ಇ ಸಂಪರ್ಕವೇ ಸಾಕಾದ್ದರಿಂದ ಆ್ಯಪ್ ಕೆಲಸ ಮಾಡಿತು, ಮಾತು ಬರಲಿಲ್ಲ. 2018ರಲ್ಲಿ ಗೂಗಲ್ ಪ್ರಕಟಿಸಿದ 'ಆಶಾ' ಎಂಬ ಇನ್ನೊಂದು ಪದ್ಧತಿಯಿಂದಲೂ ಕೆಲವು ಆಂಡ್ರಾಯ್ಡ್ ಫೋನುಗಳು ಕಿವಿಯ ಯಂತ್ರಕ್ಕೆ ಧ್ವನಿ ಕಳಿಸುತ್ತವೆ, ಆದರೆ ನಾವು ಕೊಂಡ ಯಂತ್ರದಲ್ಲಿ ಅದಿಲ್ಲ.

ಇದೇ ಡೆವಲಪರ್ ಆಪ್ಷನ್ಸ್‌ನಲ್ಲಿ ಇನ್ನೊಂದು ಮುಗ್ಗರಿಸುವ ಕಲ್ಲಿದೆ. 'ಬ್ಲೂಟೂತ್ ಎವಿಆರ್‌ಸಿಪಿ ಆವೃತ್ತಿ' ಎಂಬಲ್ಲಿ 1.5 ಅಥವಾ 1.6 ಎಂದಿರುವುದನ್ನು ಕಂಡು ತಮ್ಮ ಹೊಸ ಫೋನಿಗೆ ಓಬೀರಾಯನ ಕಾಲದ ಬ್ಲೂಟೂತ್ ಹಾಕಿದ್ದಾರೆಂದು ಗಾಬರಿಯಾಗಬೇಡಿ. ಅದು ಹೆಡ್‌ಸೆಟ್ಟಿನಿಂದ ಹಾಡನ್ನು ನಿಲ್ಲಿಸುವ, ಮುಂದಕ್ಕೆ ಹಾಯಿಸುವ ನಿಯಮದ ಆವೃತ್ತಿ ಅಷ್ಟೆ. ಆವೃತ್ತಿ ತೋರಿಸುತ್ತೇವೆನ್ನುವ ಆ್ಯಪ್‌ಗಳನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಸಾಮಾನ್ಯ ಆ್ಯಪೊಂದು ಆವೃತ್ತಿಯ ಸಂಖ್ಯೆಯನ್ನು ಕೇಳಿ ಪಡೆಯಲು ಆಂಡ್ರಾಯ್ಡ್ ನೇರ ದಾರಿಯನ್ನೇ ಇಟ್ಟಿಲ್ಲ. ಇಂಥ ಸೌಲಭ್ಯ ಇದೆಯೇ ಇಲ್ಲವೇ ಎಂದಷ್ಟೇ ಕೇಳಬಹುದು. ನಮಗೆ ಬೇಕಾದದ್ದೂ ಅದೇ ಆದ್ದರಿಂದ, ಎನ್‌ಆರ್‌ಎಫ್ ಕನೆಕ್ಟ್‌ನಂತಹ ಆ್ಯಪ್‌ಗಳು ಸಂಖ್ಯೆಯ ಗೋಜಿಗೆ ಹೋಗದೆ ಸೌಲಭ್ಯಗಳನ್ನು ಒಂದೊಂದಾಗಿ ಇದೆ, ಇಲ್ಲ ಎಂದು ತೋರಿಸುವುದು ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಹಾಡು ಕೇಳಲು ನೆಕ್‌ಬ್ಯಾಂಡ್ ಕೊಳ್ಳುವವರಿಗೆ ಇಷ್ಟೆಲ್ಲ ತಲೆಬಿಸಿ ಬೇಡ. ಮಾಮೂಲು ನೆಕ್‌ಬ್ಯಾಂಡುಗಳು ಇಂದಿಗೂ ಹಳೆಯ ಕ್ಲಾಸಿಕ್ ಬ್ಲೂಟೂತಿನಲ್ಲೇ ಹಾಡುವುದರಿಂದ ಫೋನು 4.2 ಇದ್ದರೂ 5.4 ಇದ್ದರೂ ಅದೇ ಹಾಡು ಅದೇ ಗುಣದಲ್ಲಿ ಬರುತ್ತದೆ.

ಕೊಳ್ಳುವ ಮೊದಲು ನಾನು ಮಾಡಬೇಕಿದ್ದದ್ದು ಇಷ್ಟು. ಯಂತ್ರದ ಕಂಪನಿಗಳು ತಮ್ಮ ಯಾವ ಯಂತ್ರಕ್ಕೆ ಯಾವ ಫೋನ್ ಹೊಂದುತ್ತದೆ ಎಂಬ ಪಟ್ಟಿಯನ್ನು ತಾವೇ ಪ್ರಕಟಿಸುತ್ತವೆ. ತಜ್ಞೆಯ ಎದುರಿಗೆ ಕುಳಿತಾಗಲೇ ಆ ಪಟ್ಟಿಯನ್ನು ತೆರೆಸಿ, ಅದರಲ್ಲಿರುವ ಫೋನನ್ನೇ ಕೊಳ್ಳಬೇಕಿತ್ತು. ಪಟ್ಟಿಯಲ್ಲಿಲ್ಲದ ಫೋನ್ ಬೇಕೆನಿಸಿದರೆ ಅದರ ಮಾರಾಟದ ಹೆಸರನ್ನಲ್ಲ, ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ವಿಭಾಗದಲ್ಲೂ ಪೆಟ್ಟಿಗೆಯ ಲೇಬಲ್ಲಿನಲ್ಲೂ ಇರುವ ಮಾಡೆಲ್ ನಂಬರನ್ನು ಬರೆದುಕೊಳ್ಳಿ, ಏಕೆಂದರೆ ಒಂದೇ ಹೆಸರಿನ ಫೋನ್ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಚಿಪ್ಪಿನೊಂದಿಗೆ ಬರುವುದುಂಟು. ಆ ನಂಬರನ್ನು ತಯಾರಕರ ತಾಣದಲ್ಲಿ ಹುಡುಕಿ ವಿವರಗಳ ಪುಟದಲ್ಲಿ 'ಎಲ್‌ಇ ಆಡಿಯೊ' ಎಂಬ ಶಬ್ದವೇ ಇದೆಯೇ ನೋಡಿ. ಬ್ಲೂಟೂತ್ ಗುರುತನ್ನು ಹಾಕಿಕೊಳ್ಳುವ ಉತ್ಪನ್ನಗಳೆಲ್ಲ ಬ್ಲೂಟೂತ್ ಎಸ್‌ಐಜಿ ಎಂಬ ಸಂಸ್ಥೆಯಲ್ಲಿ ಅರ್ಹತೆ ಪಡೆಯಬೇಕು, ಅದರ ಪಟ್ಟಿಯನ್ನೂ ಯಾರು ಬೇಕಾದರೂ ಹುಡುಕಬಹುದು. ಆಂಡ್ರಾಯ್ಡ್ 13ರಿಂದೀಚೆಗೆ ಮಾತ್ರ ಎಲ್‌ಇ ಆಡಿಯೊಗೆ ಒಳಗಿನಿಂದಲೇ ಬೆಂಬಲ ಬಂದಿರುವುದರಿಂದ ಅದಕ್ಕಿಂತ ಹಳೆಯದನ್ನು ನೋಡುವ ಅಗತ್ಯವೇ ಇಲ್ಲ. ಐಫೋನಿನ ದಾರಿ ಬೇರೆ. ಅದರ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆವೃತ್ತಿ ಎಲ್ಲೂ ಕಾಣುವುದಿಲ್ಲ, ಆಪಲ್ ತಾಣದ ತಾಂತ್ರಿಕ ವಿವರಗಳಲ್ಲೇ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಸಾಧ್ಯವಾದರೆ ಕಿವಿಯ ಯಂತ್ರವನ್ನೂ ಅದನ್ನು ಹಾಕಿಕೊಳ್ಳುವವರನ್ನೂ ಅಂಗಡಿಗೇ ಕರೆದೊಯ್ದು, ಪ್ರದರ್ಶನದ ಫೋನಿಗೆ ಜೋಡಿಸಿ, ಒಂದು ಕರೆ ಮಾಡಿ, ಮಾತು ಯಂತ್ರದಲ್ಲಿ ಕೇಳಿಸಿತೇ ಎಂದು ಕೇಳಿ; ಆ್ಯಪಿನಲ್ಲಿ ಯಂತ್ರ ಕಾಣಿಸಿತೆಂದು ತೃಪ್ತರಾಗಬೇಡಿ. ಅದಾಗದಿದ್ದರೆ ಬಿಲ್ಲಿನ ಮೇಲೆ 'ಎಲ್‌ಇ ಆಡಿಯೊ ಸೌಲಭ್ಯವಿದೆ' ಎಂದು ಅಂಗಡಿಯವರ ಕೈಯಲ್ಲೇ ಬರೆಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವ ಯೋಚನೆ ನನಗೂ ಬಂದಿತ್ತು, ಆದರೆ ನನ್ನ ಬಿಲ್ಲಿನಲ್ಲಿ ಫೋನಿನ ಹೆಸರು ಬಿಟ್ಟರೆ ಏನೂ ಇರಲಿಲ್ಲ, ಪೆಟ್ಟಿಗೆಯಲ್ಲಿ 5.3 ಎಂದಿತ್ತು, ಫೋನಿನಲ್ಲೂ 5.3 ಇತ್ತು. ದೂರು ಏನೆಂದು ಬರೆಯುವುದು?

ಕೊನೆಗೆ ದಾರಿ ತೋರಿಸಿದವರು ಆ ತಜ್ಞೆಯೇ. ಅದೇ ಕಂಪನಿಯ, ಬೆಂಕಿಪೊಟ್ಟಣದಷ್ಟಿರುವ, ಅಂಗಿಗೆ ಸಿಕ್ಕಿಸಿಕೊಳ್ಳುವ ಸ್ಟ್ರೀಮರ್ ಒಂದನ್ನು ಕೊಟ್ಟರು. ಅದು ಫೋನಿನಿಂದ ಕ್ಲಾಸಿಕ್ ಬ್ಲೂಟೂತಿನಲ್ಲಿ ಮಾತನ್ನು ತೆಗೆದುಕೊಂಡು ತನ್ನದೇ ರೇಡಿಯೊದಲ್ಲಿ ಎರಡೂ ಕಿವಿಗೆ ದಾಟಿಸುತ್ತದೆ. ಜಗಲಿಯಲ್ಲಿ ಕುಳಿತು ಹೊಸ ಫೋನಿಗೆ ಜೋಡಿಸಿದೆ, ಕೆಲಸ ಮಾಡಿತು. ಏಕೋ ಅನುಮಾನ ಬಂದು ಕಪಾಟಿನಲ್ಲಿದ್ದ ಹಳೆಯ 4.2ರ ಫೋನನ್ನು ತೆಗೆದು ಚಾರ್ಜ್ ಮಾಡಿ ಅದಕ್ಕೂ ಜೋಡಿಸಿ ನೋಡಿದೆ. ಅದರಲ್ಲೂ ಮಂಡಿಯವರ ಮಾತು ಅಪ್ಪಯ್ಯನಿಗೆ ಅಷ್ಟೇ ಸ್ಪಷ್ಟವಾಗಿ ಕೇಳಿಸಿತು.