ಖಣ, ಜೀನ್ಸ್, ಖಾದಿ: ಉಗುರು ಕತ್ತರಿ, ಚಿಮಟ ಇಡುವ ಸುರುಳಿ ಚಂಚಿಗೆ ಯಾವ ಬಟ್ಟೆ?

ನೇಲ್ ಕಟರ್, ಚಿಮಟ, ಮೀಸೆ ಕತ್ತರಿ, ಉಗುರು ಉಜ್ಜುವ ಅರ, ಸಣ್ಣ ಹಣಿಗೆ ಇವುಗಳನ್ನು ಒಂದೊಂದು ಕಿಸೆಯಲ್ಲಿಟ್ಟು, ಸುತ್ತಿ, ಲಾಡಿ ಕಟ್ಟಿಡುವ ಚಂಚಿಗೆ ದಪ್ಪ ಖಾದಿಗಿಂತ ಒಳ್ಳೆಯ ಬಟ್ಟೆ ನನಗೆ ಸಿಕ್ಕಿಲ್ಲ. ಕುಪ್ಪಸಕ್ಕೆ ಬಳಸುವ ಗುಳೇದಗುಡ್ಡದ ಖಣದ ಬಟ್ಟೆ, ಹಳೆಯ ಜೀನ್ಸ್ ಮತ್ತು ಖಾದಿ, ಈ ಮೂರರಲ್ಲಿಯೂ ಒಂದೇ ಅಳತೆಯ ಚಂಚಿಗಳನ್ನು ಮನೆಯ ಕಾಲುಮಿಷನ್ನಿನಲ್ಲಿ ಹೊಲಿದು, ಬಳಸಿ, ತೊಳೆದು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಳತೆ ಸರಳವಾಗಿದೆ. ಹೊರಬಟ್ಟೆ ಮತ್ತು ಅಸ್ತರಗಳನ್ನು 15 ಇಂಚು ಅಗಲ, 13 ಇಂಚು ಎತ್ತರಕ್ಕೆ ಕತ್ತರಿಸಿ, ಸುತ್ತಲೂ ಅರ್ಧ ಇಂಚು ಬಿಟ್ಟು ಹೊಲಿದು ತಿರುವಿದರೆ 14ಕ್ಕೆ 12 ಇಂಚು ಉಳಿಯುತ್ತದೆ. ಕೆಳಗಿನ 4 ಇಂಚನ್ನು ಅಸ್ತರದ ಕಡೆಗೆ ಮೇಲೆ ಮಡಚಿದರೆ ಕಿಸೆಗಳ ಪಟ್ಟಿಯಾಗುತ್ತದೆ; ಮೇಲಿನ ಎರಡೂವರೆ ಇಂಚು ಕಿಸೆಗಳ ಬಾಯಿ ಮುಚ್ಚುವ ಮಡಿಕೆಯಾಗುತ್ತದೆ. ಪ್ರತಿ ಸಲಕರಣೆಯ ದಪ್ಪ ಭಾಗಕ್ಕೆ ದಾರ ಸುತ್ತಿ, ಆ ಸುತ್ತಳತೆಯ ಅರ್ಧಕ್ಕೆ ಕಾಲು ಇಂಚು ಸೇರಿಸಿದರೆ ಅದರ ಕಿಸೆಯ ಅಗಲ ಸಿಗುತ್ತದೆ.

ಖಣದ ಚಂಚಿ ನೋಡಲು ಮೂರರಲ್ಲಿ ಅತ್ಯಂತ ಸುಂದರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಬಟ್ಟೆಯ ದಡಿಯನ್ನು ಮೇಲಿನ ಮಡಿಕೆಗೆ ಬರುವಂತೆ ಇಟ್ಟುಕೊಂಡರೆ ಬೇರೆ ಅಲಂಕಾರವೇ ಬೇಕಾಗುವುದಿಲ್ಲ. ಆದರೆ ಖಣದ ಬುಟ್ಟಾಗಳನ್ನು, ಅಂದರೆ ಸಣ್ಣ ಚಿತ್ತಾರಗಳನ್ನು, ಹೆಚ್ಚುವರಿ ಹಾಸುನೂಲುಗಳಿಂದ (ಬಟ್ಟೆಯ ಉದ್ದಕ್ಕೆ ಸಾಗುವ ನೂಲುಗಳಿಂದ) ನೇಯುತ್ತಾರೆ. ಬುಟ್ಟಾ ಇರುವಲ್ಲಿ ಮೇಲೆ ಕಾಣಿಸುವ ಆ ನೂಲು, ಬುಟ್ಟಾ ಇಲ್ಲದಲ್ಲಿ ಬಟ್ಟೆಯ ಹಿಂಬದಿಯಲ್ಲಿ ಸಡಿಲವಾಗಿ ತೇಲುತ್ತಾ ಸಾಗುತ್ತದೆ. ಕುಪ್ಪಸಕ್ಕೆ ಇದರಿಂದ ತೊಂದರೆಯಿಲ್ಲ. ಚೂಪುತುದಿಯ ಚಿಮಟಕ್ಕೆ ಮಾತ್ರ ಆ ನೂಲುಗಳು ಬಲೆಯಾಗುತ್ತವೆ.

ಹಿಂಬದಿಗೆ ಅಸ್ತರ ಇದ್ದೇ ಇರುತ್ತದಲ್ಲ ಎಂದು ಯಾರಿಗಾದರೂ ಅನಿಸುತ್ತದೆ, ನನಗೂ ಹಾಗೆಯೇ ಅನಿಸಿತ್ತು. ತೆಳುವಾದ ಹತ್ತಿಯ ಅಸ್ತರವನ್ನು ಚಿಮಟದ ತುದಿ ಕೆಲವೇ ದಿನಗಳಲ್ಲಿ ದಾಟಿತು. ಆಮೇಲೆ ಚಿಮಟವನ್ನು ಹೊರಗೆಳೆದಾಗಲೆಲ್ಲ ಅದರ ಬಾಯಿಗೆ ಸಿಕ್ಕಿದ ಕೆಂಪು ನೂಲು ಕಿಸೆಯಿಂದ ಹೊರಬಂದು, ಮುಂಬದಿಯಲ್ಲಿ ಒಂದು ಬುಟ್ಟಾ ಮುದುಡುತ್ತಿತ್ತು. ಎಳೆದುಬಂದ ನೂಲನ್ನು ಕತ್ತರಿಸಿದರೆ ಬುಟ್ಟಾ ಬಿಚ್ಚುತ್ತದೆ, ಬಿಟ್ಟರೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಸೂಜಿಯಿಂದ ಒಂದೊಂದನ್ನೇ ಒಳಕ್ಕೆ ಸೇರಿಸುವುದೊಂದೇ ದಾರಿ.

ಇದಕ್ಕೆ ಪರಿಹಾರವೆಂದು ಹಿಂಬದಿಗೆ ಇಸ್ತ್ರಿಯಿಂದ ಅಂಟುವ ಬಕ್ರಮ್ (ಕಾಲರಿನೊಳಗೆ ಹಾಕುವಂಥ ಗಡುಸು ಬಟ್ಟೆ) ಹಾಕಿದರೆ ನೂಲುಗಳೇನೋ ನಿಲ್ಲುತ್ತವೆ, ಆದರೆ ಕೃತಕ ರೇಷ್ಮೆ ಬೆರೆತ ಖಣಕ್ಕೆ ಹೆಚ್ಚು ಕಾವು ತಾಗಿಸುವಂತಿಲ್ಲ, ಮೇಲಾಗಿ ಚಂಚಿಯೂ ಗಡುಸಾಗಿ, ಬಿಗಿಯಾಗಿ ಸುತ್ತಿಕೊಳ್ಳುವುದನ್ನು ಬಿಡುತ್ತದೆ. ಹೊಲಿಯುವಾಗ ನುಣುಪಾದ ಖಣ ಅಸ್ತರದ ಮೇಲೆ ಜಾರುವುದರಿಂದ ಕಿಸೆಗಳ ಗೆರೆ ನೇರವಾಗಿ ನಿಲ್ಲಲು ದಾರದಿಂದ ಮೊದಲೇ ಕಚ್ಚಾ ಹೊಲಿಗೆ ಹಾಕಿಕೊಳ್ಳಲೇಬೇಕು. ಕತ್ತರಿಸಿದ ಅಂಚೂ ಬೇಗ ಪಿಸಿಯುತ್ತದೆ.

ಜೀನ್ಸ್‌ಗೆ ಖರ್ಚಿಲ್ಲ, ಹರಿಯುವ ಭಯವೂ ಇಲ್ಲ. ಕಿಸೆಯ ಪಕ್ಕದಲ್ಲಿ ಪದರಗಳೆಲ್ಲ ಒಂದರ ಮೇಲೊಂದು ಕೂಡುವ ಜಾಗದಲ್ಲಿ 16ನೇ ನಂಬರಿನ ಸೂಜಿಯನ್ನೇ ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಒಂದೊಂದೇ ಹೊಲಿಗೆ ದಾಟಿಸಬೇಕಾಗುತ್ತದೆ. ನಾನು ಜೀನ್ಸನ್ನು ಬದಿಗಿಟ್ಟ ಕಾರಣ ಇದಲ್ಲ. ತೊಳೆದ ಮೇಲೆ ಅದರ ಒಳಮೂಲೆಗಳು ಬೇಗ ಒಣಗುವುದಿಲ್ಲ. ಶ್ರಾವಣದ ಮೋಡದ ದಿನಗಳಲ್ಲಿ ಆ ತೇವದೊಳಗೆ ಕಬ್ಬಿಣದ ಕತ್ತರಿ ಇಟ್ಟರೆ ತುಕ್ಕು ಹಿಡಿಯದೆ ಇರದು.

ಖಾದಿಯ ವಿಷಯಕ್ಕೆ ಬಂದರೆ, ರಾಷ್ಟ್ರಧ್ವಜದ ಬಟ್ಟೆ ನೇಯುವ ತುಳಸಿಗೇರಿ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿಯೇ ಇರುವುದರಿಂದ ನನಗೆ ಅದರ ಮೇಲೆ ಅಭಿಮಾನ ಇರುವುದು ನಿಜ. ಆದರೂ ಇಲ್ಲಿ ಅದನ್ನು ಗೆಲ್ಲಿಸಿದ್ದು ಅದರ ಗುಣವೇ. ದಪ್ಪ ಖಾದಿಯನ್ನು ಮಡಚಿ ಉಗುರಿನಿಂದ ಒಮ್ಮೆ ಗೀರಿದರೆ ಸಾಕು, ಇಸ್ತ್ರಿ ಇಲ್ಲದೆಯೇ ಮಡಿಕೆ ಕೂಡುತ್ತದೆ. ಒರಟು ನೂಲು ಒಂದಕ್ಕೊಂದು ಹಿಡಿದುಕೊಳ್ಳುವುದರಿಂದ ಪದರಗಳು ಜಾರುವುದಿಲ್ಲ. 14ನೇ ನಂಬರಿನ ಸೂಜಿ ಸಲೀಸಾಗಿ ಓಡುತ್ತದೆ. ಬಿಳಿ ಖಾದಿಯಾದರೆ ಕುದಿಯುವ ನೀರಿನಲ್ಲಿ ಹಾಕಬಹುದು, ಮತ್ತು ಕಿಸೆಯೊಳಗಿನ ಉಗುರಿನ ಚೂರು, ಜಿಡ್ಡು ಕಣ್ಣಿಗೆ ಕಾಣುತ್ತವೆ. ಮೈಗೆ ತಾಗುವ ಸಲಕರಣೆಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಚಿಮಟ ಚೂಪಾಗಿದ್ದರೆ ತುದಿಗೊಂದು ಸ್ಟ್ರಾ ಚೂರು ಸಿಕ್ಕಿಸಿಡುತ್ತೇನೆ.

ಖಾದಿ ಕುಗ್ಗುತ್ತದೆ, ಅದೂ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮನಾಗಿ ಅಲ್ಲ. ಆದ್ದರಿಂದ ಕತ್ತರಿಸುವ ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆಯೇ ಅಳತೆ ಹಾಕಬೇಕು. 36 ಇಂಚು ಪನ್ನೆಯ (ಅಗಲದ) ಬಟ್ಟೆ ಅರ್ಧ ಮೀಟರ್ ತಂದರೆ ಹೊರಬಟ್ಟೆ, ಅಸ್ತರ ಎರಡೂ ಅದರಲ್ಲಿಯೇ ಆಗಿ, ಉಳಿದ ಪಟ್ಟಿಯಲ್ಲಿ ಲಾಡಿಯೂ ಆಗುತ್ತದೆ.

ವಾರಕ್ಕೊಮ್ಮೆ ತೊಳೆಯುವ ನನ್ನ ರೂಢಿಗೂ ನನ್ನ ಕೈಯಲ್ಲಿರುವ ಹಣಕ್ಕೂ ಖಾದಿಯೇ ಸರಿ. ಮದುವೆಯಲ್ಲಿ ಯಾರಿಗಾದರೂ ಉಡುಗೊರೆ ಕೊಡುವುದಿದ್ದರೆ ಖಣವನ್ನೇ ಹೊರಬಟ್ಟೆಯಾಗಿ ಹಾಕುತ್ತೇನೆ, ಆದರೆ ಅಸ್ತರಕ್ಕೆ ತೆಳುಬಟ್ಟೆ ಬಿಟ್ಟು ದಪ್ಪ ಖಾದಿಯನ್ನೇ ಕೊಟ್ಟು, ಚಿಮಟದ ಕಿಸೆಯ ತಳಕ್ಕೆ ಮತ್ತೊಂದು ಖಾದಿ ತುಂಡು ಸೇರಿಸುತ್ತೇನೆ.